ಸೂಟ್‌ಕೇಸಿನಲ್ಲಿ ಹೋದ ಲಿಂಗ

ಶಾಂತಮಲ್ಲಮ್ಮ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪ್ಲಾಸ್ಟಿಕ್ ಲೋಟದ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದಳು. ಅರ್ಧ ಮಜ್ಜನ ಆಗಿತ್ತು, ಅಷ್ಟರಲ್ಲಿ ಮುಂದಿನ ಸೀಟಿನ ಮಹರಾಯ ದಡಕ್ಕನೆ ಹಿಂದಕ್ಕೊರಗಿದ. ಎದುರಿನ ಪುಟ್ಟ ಹಲಗೆ ಅದುರಿ, ವಿಭೂತಿ ಗಟ್ಟಿ ಜಾರಿಬಿದ್ದು, ಪಕ್ಕದಲ್ಲಿ ಮಲಗಿದ್ದ ಬಿಳಿಯನ ಬೂಟಿನ ಹತ್ತಿರ ಹೋಗಿ ನಿಂತಿತು. ಅವಳು ಬಲಗೈಯನ್ನು ಲಿಂಗದ ಮೇಲೆ ಕವುಚಿ ಉಸಿರು ಬಿಗಿಹಿಡಿದಳು. ನೀರು ಚೆಲ್ಲಿದರೆ ಚೆಲ್ಲಲಿ, ಲಿಂಗ ನೆಲಕ್ಕೆ ಬೀಳಬಾರದು. ನೆಲವೆನ್ನುವುದು ಈಗ ಎಷ್ಟು ಕೆಳಗಿತ್ತೋ, ಯಾವ ದೇಶದ್ದಾಗಿತ್ತೋ.

ತಲೆಗೆ ಕೆಂಪು ಟೋಪಿ, ಟೋಪಿಯ ತುದಿಗೊಂದು ಬಿಳಿ ಹತ್ತಿಯುಂಡೆ ಇದ್ದ ಗಗನಸಖಿ ಊಟದ ಗಾಡಿ ತಳ್ಳಿಕೊಂಡು ಬಂದಳು. ಶಾಂತಮಲ್ಲಮ್ಮನ ಅಂಗೈ ನೋಡಿ, ಲೋಟ ನೋಡಿ, ಪಾಪ ಈ ಹೆಂಗಸು ದೊಡ್ಡ ಮಾತ್ರೆ ನುಂಗಲಾರದೆ ಒದ್ದಾಡುತ್ತಿದ್ದಾಳೆ ಅಂದುಕೊಂಡಳೋ ಏನೋ, ಇನ್ನೊಂದು ಲೋಟ ನೀರು ಕೊಟ್ಟು ಬೆನ್ನು ಸವರಿ ಮುಂದೆ ಹೋದಳು. ಶಾಂತಮಲ್ಲಮ್ಮ ಆ ನೀರಿನಲ್ಲೇ ಮಜ್ಜನ ಮುಗಿಸಿದಳು. ಬೂಟಿನ ಬುಡದಿಂದ ವಿಭೂತಿಯನ್ನು ಎತ್ತಿಕೊಳ್ಳಲು ಮನಸ್ಸಾಗದೆ, ಹಣೆಯ ಮೇಲಿದ್ದುದನ್ನೇ ಬೆರಳಿಗೆ ಒತ್ತಿಕೊಂಡು ಲಿಂಗಕ್ಕೆ ಹಚ್ಚಿದಳು. ಕಣ್ಣಿಗೊತ್ತಿಕೊಂಡು, ಬೆಳ್ಳಿಯ ಕರಡಿಗೆಯೊಳಗಿಟ್ಟು, ಮುಚ್ಚಳ ಹಾಕಿ ಸೆರಗಿನೊಳಗೆ ಇಳಿಬಿಟ್ಟಳು.

ಓಣಿಯ ಆಚೆಯ ಸೀಟಿನಿಂದ ಚಾಂದ್ ಬಿ ಕತ್ತು ಚಾಚಿದಳು. "ಮುಗೀತಾ ಶಾಂತಕ್ಕ? ನಂದಿನ್ನೂ ಬಾಕಿ ಐತೆ. ಕಾಬಾ ಯಾವ ಕಡೆ ಬತ್ತದೆ ಅಂತ ಕೇಳಿದ್ರೆ ಆ ಹುಡುಗಿ ಟೀವಿ ತೋರಿಸ್ತಾಳೆ. ಟೀವೀಲಿ ವಿಮಾನ ತಿರುಗ್ತಾನೇ ಐತೆ. ನಾನು ಯಾವ ಕಡೆ ಬಗ್ಗಲಿ?"

"ಕುಂತಲ್ಲೇ ಮಾಡು ಬುಡು. ನಾನೂ ಸ್ನಾನ ಇಲ್ದೇನೇ ಮಾಡ್ದೆ."

"ನಿಂಗೇನಮ್ಮ, ನಿಮ್ಮ ದೇವ್ರು ಕೈಯಲ್ಲೇ ಅವ್ನೆ. ನಾನು ದಿಕ್ಕು ಹುಡುಕಬೇಕು."

ಚಾಂದ್ ಬಿಯ ಗಂಡ ಅಮೀರ್ ಜಾನ್‌ನದು ಚಾಮರಾಜನಗರದಲ್ಲಿ ಕಬ್ಬಿಣ ಮತ್ತು ಸಿಮೆಂಟಿನ ಅಂಗಡಿ. ಶಾಂತಮಲ್ಲಮ್ಮನ ಗಂಡ ನೀಲಕಂಠಸ್ವಾಮಿಯವರದು ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಮೇಲೆ ಸಿಮೆಂಟಿನ ಡಿಪೋ. ವೈನಾಡಿನಲ್ಲಿ ಯಾರು ಮನೆ ಕಟ್ಟಿದರೂ ಇವರಲ್ಲಿಂದಲೇ ಲಾರಿ ಹೋಗಬೇಕು. ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು ಕಂಪನಿಯವರು ವರ್ಷಕ್ಕೊಮ್ಮೆ ವಿದೇಶಕ್ಕೆ ಕರೆದೊಯ್ಯುವುದು ವಾಡಿಕೆ. ಹಿಂದೆಲ್ಲ ಗಂಡಸರನ್ನಷ್ಟೇ ಬ್ಯಾಂಕಾಕಿಗೆ ಕಳಿಸುತ್ತಿದ್ದರು. ಅಲ್ಲೇನು ನೋಡಿದಿರಿ ಅಂತ ಹೆಂಡಂದಿರು ಕೇಳಿದರೆ ಬುದ್ಧನ ವಿಗ್ರಹ ಅನ್ನುತ್ತಿದ್ದರು, ಎಲ್ಲರೂ, ಒಂದೇ ದನಿಯಲ್ಲಿ. ಯಾವುದೋ ಊರಿನ ಯಾವುದೋ ಡೀಲರನ ಹೆಂಡತಿ ಬುದ್ಧನ ಮೇಲೆ ಅನುಮಾನಪಟ್ಟು ಕಂಪನಿಯ ಮ್ಯಾನೇಜರಿಗೇ ಫೋನು ಮಾಡಿ ಉಗಿದಳಂತೆ. ಹಾಗಾಗಿ ಈ ಸಲ ದಂಪತಿ ಸಮೇತ ಲಂಡನ್. ಡಿಸೆಂಬರ್ ಇಪ್ಪತ್ನಾಲ್ಕಕ್ಕೆ ಹೊರಟು ಕ್ರಿಸ್‌ಮಸ್ ದಿನ ಹೋಗಿ ಇಳಿಯುವುದು. ಹಬ್ಬದ ದಿನವೇ ಅತಿಥಿಗಳನ್ನು ಇಳಿಸುವಷ್ಟು ಕಂಪನಿಗೆ ಯಾಕೆ ಪ್ರೀತಿ ಉಕ್ಕಿತೆಂದು ಆಗ ಯಾರೂ ಕೇಳಿರಲಿಲ್ಲ.

ನೀಲಕಂಠಸ್ವಾಮಿ ಕಿಟಕಿಯ ಸೀಟಿನಲ್ಲಿ ಕೂತು, ಬಂದ ತಟ್ಟೆಯಲ್ಲಿದ್ದುದನ್ನೆಲ್ಲ ಆಗಲೇ ಮುಗಿಸಿದ್ದರು. ಹೆಂಡತಿಯ ತಟ್ಟೆಯ ಕಪ್ಪು ಕೇಕಿಗೂ ಕೈಹಾಕಿದಾಗ ಅವಳು ತಡೆಯಲಾರದೆ ಕೇಳಿದಳು. "ನಿಮ್ಮ ಪೂಜೆ?"

"ದೇಶ ಬಿಟ್ಮೇಲೆ ಅದೆಲ್ಲ ಮನಸ್ಸಲ್ಲೇ ಕಣೆ."

ಮದುವೆಯಾದಾಗಿನಿಂದ ಅವಳು ಕೇಳಿರದ ಮಾತು ಇದು. ಮನೆಯಲ್ಲಿ ಅವರ ಲಿಂಗಪೂಜೆ ಮುಗಿಯಲು ಗಂಟೆ ಹಿಡಿಯುತ್ತಿತ್ತು. ಬಿಲ್ವಪತ್ರೆಯಲ್ಲಿ ತೂತಿದ್ದರೆ ತಟ್ಟೆ ಹಾರುತ್ತಿತ್ತು. ಅವರ ಪೂಜೆಯಾಗಿ, ಅವರ ಊಟವಾಗಿ, ಅತ್ತೆ ದೊಡ್ಡಮಲ್ಲಮ್ಮನ ಊಟವಾಗಿ, ಆಮೇಲೆ ಇವಳ ಬಾಯಿಗೆ ಮುದ್ದೆ. ಮನೆಯ ಮಾತು ಹಾಗಿರಲಿ, ಅವರು ಊರವರ ಕೊರಳನ್ನೂ ಬಿಟ್ಟವರಲ್ಲ. ಮದುವೆಗೆ ಹೋದರೆ ಮದುಮಗನ ಕಾಲರಿನೊಳಗೆ ಬೆರಳು ತೂರಿಸಿ ಶಿವದಾರ ಇದೆಯೋ ಇಲ್ಲವೋ ನೋಡುತ್ತಿದ್ದರು. ಹಿಂದಿನ ವರ್ಷ ಚಂದಕವಾಡಿಯಲ್ಲಿ ಹಾಗೆ ನೋಡಿ, ದಾರ ಕಾಣದೆ, ಮರಿಮಲ್ಲಪ್ಪನವರ ಮಗನನ್ನು ಛತ್ರದ ತುಂಬ ಜನರೆದುರಿಗೇ "ಲಿಂಗ ಇಲ್ದೋನು ಜೀವ ಇರೋ ಹೆಣ" ಅಂದು, ಉಣ್ಣದೆ ಎದ್ದು ಬಂದಿದ್ದರು. ಆ ಮಾತಿನಿಂದಲೇ ಅವರ ಹೆಸರು ಚಾಮರಾಜನಗರದ ಮಠದವರೆಗೂ ಮುಟ್ಟಿತು. ಅಲ್ಲಿನ ವಿದ್ಯಾರ್ಥಿನಿಲಯದ ಸಮಿತಿಗೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದರು. ಪದಗ್ರಹಣ ಇವರು ಲಂಡನ್ನಿನಿಂದ ವಾಪಸಾಗುವ ದಿನವೇ. ವಿಮಾನ ಇಳಿದು ಕಾರು ಹತ್ತಿ ನೇರ ಮಠಕ್ಕೆ. ಸ್ವಾಮಿಗಳ ಸಮ್ಮುಖದಲ್ಲಿ ಸಾಮೂಹಿಕ ಲಿಂಗಪೂಜೆ, ಮೊದಲ ಸಾಲಿನಲ್ಲಿ ಹೊಸ ಅಧ್ಯಕ್ಷರು.

ಕೇಕು ತಿನ್ನುತ್ತಿದ್ದ ಗಂಡನ ಕತ್ತಿನ ಕಡೆ ಅವಳ ಕಣ್ಣು ಹೋಯಿತು. ಕಾಲರಿನ ಸಂದಿಯಲ್ಲಿ ಬಿಳಿಯ ದಾರ ಇರಲಿಲ್ಲ.

"ಏನೂಂದ್ರೆ, ಲಿಂಗ ಎಲ್ಲಿ?"

"ಮೆತ್ತಗೆ ಮಾತಾಡು." ಅವರು ಅಮೀರ್ ಜಾನ್ ಕಡೆ ಓರೆಗಣ್ಣು ಹಾಯಿಸಿದರು. "ಸೂಟ್‌ಕೇಸಲ್ಲಿ ಐತೆ. ಏರ್‌ಪೋರ್ಟಲ್ಲಿ ಆ ಮಿಷನ್ನು ಕುಯ್ಯೋ ಅಂತದೆ. ಅಂಗಿ ಬಿಚ್ಚು ಅಂತಾರೆ. ಡೀಲರ್ಸೆಲ್ಲ ನಿಂತ್ಕಂಡು ನೋಡ್ಬೇಕಾ? ಇಳುದ್ಮೇಲೆ ಹಾಕ್ಕಂಡ್ರಾಯ್ತು."

ಮಿಷನ್ನು ಅವಳನ್ನು ಕಂಡೂ ಕುಯ್ಯೋ ಅಂದಿತ್ತು. ಪರದೆಯ ಹಿಂದೆ ಖಾಕಿ ತೊಟ್ಟ ಹುಡುಗಿಗೆ ಅವಳು ಕರಡಿಗೆ ಬಿಚ್ಚಿ ತೋರಿಸಿ "ದೇವರು" ಅಂದಿದ್ದಳು. ಹುಡುಗಿ ಕೈಮುಗಿದು ಹೋಗಿ ಅಂದಿದ್ದಳು. ಅಷ್ಟೇ. ಒಂದು ನಿಮಿಷದ ನಾಚಿಕೆಗೆ ಹೆದರಿ ಇವರು ತಮ್ಮ ದೇವರನ್ನು ಬನಿಯನ್ನು, ಸಾಕ್ಸು, ಚಟ್ನಿಪುಡಿಯ ಜೊತೆ ಸರಕು ಮಾಡಿ ಕಳಿಸಿದ್ದರು. ಅವಳು ಕೇಕಿನ ತಟ್ಟೆಯನ್ನು ಅವರ ಕಡೆಗೇ ಸರಿಸಿದಳು.

"ಅಣ್ಣಾ," ಅಂದಳು ಚಾಂದ್ ಬಿ ಆ ಕಡೆಯಿಂದ, "ಆ ಕೇಕಿಗೆ ಬ್ರಾಂದಿ ಹಾಕವ್ರಂತೆ. ನಮ್ಮೋರಿಗೆ ನಾನು ಮುಟ್ಟಾಕೆ ಬುಡ್ಲಿಲ್ಲ."

"ಔಷಧಿ ತರ ಒಂದ್ ಚೂರು ಇರ್ತದೆ," ಅಂದರು ನೀಲಕಂಠಸ್ವಾಮಿ, ಬೆರಳು ನೆಕ್ಕುತ್ತ.

ಆಮೇಲೆ ಮಾಡಲು ಏನೂ ಇರಲಿಲ್ಲ. ದೂರದ ವಿಮಾನ ಪ್ರಯಾಣವೆಂದರೆ ಏನೋ ಎಂದುಕೊಂಡು ಬಂದಿದ್ದ ಶಾಂತಮಲ್ಲಮ್ಮನಿಗೆ ಅದು ಗುಂಡ್ಲುಪೇಟೆಯ ಖಾಸಗಿ ಬಸ್ಸು, ನಿಲ್ದಾಣ ಮಾತ್ರ ಇಲ್ಲ ಎಂದು ಅರ್ಥವಾಯಿತು. ಎಲ್ಲರೂ ಕೂತಲ್ಲೇ ಊದಿಕೊಳ್ಳುತ್ತಿದ್ದರು. ಕಾಲು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಎಲ್ಲೋ ಒಂದು ಕೂಸು ಅತ್ತರೆ ಅದಕ್ಕೆ ಜೊತೆ ಕೊಡಲು ಇನ್ನೊಂದು ಕಾದಿರುತ್ತಿತ್ತು. ಹಬ್ಬಕ್ಕೆ ಮನೆ ಸೇರುವ ಆತುರದವರು, ಹಬ್ಬದಿಂದ ತಪ್ಪಿಸಿಕೊಂಡು ಓಡುತ್ತಿರುವವರು, ಎಲ್ಲರ ಸಾಕ್ಸಿನ ವಾಸನೆಯೂ ಒಂದೇ. ಪಾಯಿಖಾನೆಯ ಮುಂದೆ ನಲ್ಲಿ ನೀರಿಗೆ ನಿಂತಂತೆ ಸಾಲು. ವಿಮಾನ ಪಡುವಣಕ್ಕೆ ಹೋಗುತ್ತಿದ್ದುದರಿಂದ ಸೂರ್ಯನೂ ಜೊತೆಗೇ ಬರುತ್ತಿದ್ದ, ಬೆಳಗು ಮುಗಿಯುತ್ತಲೇ ಇರಲಿಲ್ಲ. ಸೂರ್ಯ ಹುಟ್ಟಿದ ಮೇಲೆ ಮೊದಲು ಲಿಂಗ, ಆಮೇಲೆ ಬಾಯಿ ಎಂದು ಅತ್ತೆ ಹೇಳಿ ಕಳಿಸಿದ್ದಳು. ಸೂರ್ಯ ಮುಳುಗುವುದನ್ನೇ ಮರೆತರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಗಂಡನ ಹೊಟ್ಟೆಯ ಮೇಲಿಂದ ಬಗ್ಗಿ ಒಮ್ಮೆ ಹೊರಗೆ ನೋಡಿದಳು. ಗೋಪಾಲಸ್ವಾಮಿ ಬೆಟ್ಟದಲ್ಲಿ ಮಂಜು ಮೈಗೆ ತಾಗಿಕೊಂಡು ಹೋಗುವಾಗ ಯಾರೋ ಮುಟ್ಟಿ ಮಾತಾಡಿಸಿದಂತಿರುತ್ತದೆ. ಇಲ್ಲಿ ಅದೇ ಮೋಡ ಕೆಳಗೆ ಬಿದ್ದುಕೊಂಡು ಯಾರ ಗೊಡವೆಯೂ ಇಲ್ಲದಂತಿತ್ತು.

ಲಂಡನ್ನಿನಲ್ಲಿ ಸೂಟ್‌ಕೇಸುಗಳು ಸುತ್ತುವ ಪಟ್ಟಿಯ ಮುಂದೆ ಎಲ್ಲರೂ ನಿಂತರು. ಶಾಂತಮಲ್ಲಮ್ಮನ ಚೀಲ ಬಂತು. ಅಮೀರ್ ಜಾನ್ ದಂಪತಿಯ, ಹಗ್ಗ ಬಿಗಿದ ದೊಡ್ಡ ಪೆಟ್ಟಿಗೆ ಬಂತು. ಪಟ್ಟಿ ಖಾಲಿಯಾಗಿ ಸುತ್ತಿತು, ಆಮೇಲೆ ನಿಂತೇ ಹೋಯಿತು. ನೀಲಕಂಠಸ್ವಾಮಿಯವರ ಹೊಸ ಕಂದು ಸೂಟ್‌ಕೇಸು ಬರಲಿಲ್ಲ.

ಅವರ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅಲ್ಲಿ ಪೆನ್ನು ಇತ್ತು.

ಸಾಮಾನಿನ ಕೌಂಟರಿನಲ್ಲಿ ಒಬ್ಬನೇ ಮನುಷ್ಯ ಕೂತಿದ್ದ, ಅವನ ತಲೆಗೂ ಕೆಂಪು ಟೋಪಿ. ವಿಮಾನ ಬದಲಿಸಿದ ಊರಿನಲ್ಲಿ ಹಬ್ಬದ ರಶ್ಶಿನಲ್ಲಿ ಉಳಿದಿರಬೇಕು, ಇವತ್ತು ಕ್ರಿಸ್‌ಮಸ್, ನಾಳೆಯೂ ರಜ, ಆಮೇಲೆ ನೋಡೋಣ ಅಂದ. ಒಳಗೇನಿತ್ತು ಅಂತ ಕೇಳಿದ. ಕಂಪನಿಯ ಗೈಡು ಅದನ್ನು ಹಿಂದಿಯಲ್ಲಿ ಕೇಳಿದ. ನೀಲಕಂಠಸ್ವಾಮಿ ಬಾಯಿ ತೆರೆದು, ಅಮೀರ್ ಜಾನ್‌ನ ಮುಖ ನೋಡಿ, "ಬಟ್ಟೆ" ಅಂದರು.

ಕಂಪನಿಯ ಪ್ರೀತಿಯ ಗುಟ್ಟು ಬಸ್ಸು ಹತ್ತಿದ ಮೇಲೆ ತಿಳಿಯಿತು. ಕ್ರಿಸ್‌ಮಸ್ ದಿನ ಆ ಊರಿನಲ್ಲಿ ರೈಲು ಓಡುವುದಿಲ್ಲ, ಅಂಗಡಿ ತೆರೆಯುವುದಿಲ್ಲ, ಟೀ ಸಿಗುವುದಿಲ್ಲ. ಹಾಗಾಗಿ ಆ ದಿನ ಬಂದಿಳಿಯುವವರಿಗೆ ಟಿಕೆಟ್ಟೂ ಅಗ್ಗ, ಬಸ್ಸೂ ಅಗ್ಗ. ಗೈಡು ಮೈಕು ಹಿಡಿದು ಬೀಗ ಹಾಕಿದ ಬಾಗಿಲುಗಳನ್ನು ಒಂದೊಂದಾಗಿ ಪರಿಚಯಿಸಿದ.

"ಬೀಗ ನೋಡಾಕೆ ಇಲ್ಲಿಗಂಟ ಬರ್ಬೇಕಿತ್ತಾ?" ಅಂದಳು ಚಾಂದ್ ಬಿ. "ನಮ್ಮೂರಲ್ಲಿ ಬಂದ್ ಇದ್ದಾಗ ಒಂದ್ ಸುತ್ತು ಹಾಕಿದ್ರೆ ಆಯ್ತಿತ್ತು."

"ಬಂದ್ ಅಂದ್ರೆ ಕಲ್ಲಾದ್ರೂ ಬೀಳ್ತವೆ, ಒಂಚೂರು ಗಲಾಟೆ ಇರ್ತದೆ," ಅಂದ ಅಮೀರ್ ಜಾನ್. "ಇಲ್ಲಿ ಅದೂ ಇಲ್ಲ ಕಣ ಬುಡು."

ಚಳಿಗೆ ತಡೆಯಲಾರದೆ ನೀಲಕಂಠಸ್ವಾಮಿ ಹೋಟೆಲಿನ ಮೂಲೆಯಲ್ಲಿ ಮಾರುತ್ತಿದ್ದ ಒಂದೇ ಒಂದು ಬಗೆಯ ಸ್ವೆಟರನ್ನು ಕೊಂಡರು. ಕೆಂಪು ಬಣ್ಣದ್ದು. ಎದೆಯ ಮೇಲೆ ಕೆಂಪು ಮೂಗಿನ ಒಂದು ಜಿಂಕೆ. ಬಂಡೀಪುರದ ರಸ್ತೆಬದಿಯಲ್ಲಿ ದಿನವೂ ಜಿಂಕೆ ನೋಡುವ ಶಾಂತಮಲ್ಲಮ್ಮ, ಇಷ್ಟು ಪೆದ್ದುಮುಖದ್ದನ್ನು ಕಂಡಿರಲಿಲ್ಲ. ಮಿಕ್ಕ ದಿನಗಳಲ್ಲಿ ಅವಳು ಬೆಳಗೆದ್ದು ಹೋಟೆಲಿನ ಬಿಸಿನೀರಿನಲ್ಲಿ ಮಿಂದು, ಕಿಟಕಿಯ ಕಟ್ಟೆಯ ಮೇಲೆ ಪೂಜೆ ಮಾಡಿದಳು. ಆ ಹೊತ್ತಿಗೆ ಜಿಂಕೆ ಕೆಳಗೆ ಬ್ರೆಡ್ಡು ತಿನ್ನುತ್ತಿತ್ತು. ಗಂಡನಿಗೆ ದಿನದಿಂದ ದಿನಕ್ಕೆ ದುಃಖ ಹೆಚ್ಚುತ್ತದೆಂದು ಅವಳು ಕಾದಳು. ಹೆಚ್ಚಿದ್ದು ಸಿಟ್ಟು. ಕೌಂಟರಿಗೆ ಫೋನು ಮಾಡಿಸಿ ಮಾಡಿಸಿ, ಪೆಟ್ಟಿಗೆ ಸಿಗಲಿಲ್ಲವೆಂದಾಗಲೆಲ್ಲ "ಅಲ್ಲಿ ಊರಲ್ಲಿ ಏನಂತ ಹೇಳದು" ಅನ್ನುತ್ತಿದ್ದರು. ಲಿಂಗ ಹೋಯಿತು ಅಂತ ಒಂದು ಸಲವೂ ಅನ್ನಲಿಲ್ಲ. ಮನೆಯಿಂದ ಅತ್ತೆಯ ಫೋನು ಬಂದಾಗ "ಪೂಜೆ ಎಲ್ಲ ಚೆಂದಾಗಿ ನಡೀತಾ ಐತೆ ಕಣವ್ವ" ಅಂದರು, ಜಿಂಕೆಯ ಮೇಲೆ ಕೈಯಿಟ್ಟುಕೊಂಡು.

ವಾಪಸು ಬರುವ ವಿಮಾನದಲ್ಲೂ ಅದೇ ಟೋಪಿಗಳು. ಹಬ್ಬ ಮುಗಿದಿತ್ತು, ಟೋಪಿ ತೆಗೆಯಲು ಯಾರೂ ಹೇಳಿರಲಿಲ್ಲವೇನೋ. ಹೋಗುವಾಗ ಅತ್ತ ಕೂಸುಗಳೇ ಬರುವಾಗಲೂ ಅತ್ತಂತೆ ಕೇಳಿಸಿತು. ಗಲ್ಫಿನಲ್ಲಿ ವಿಮಾನ ಬದಲಿಸಿ, ಇನ್ನು ಮುಂದಿನದು ಬೆಂಗಳೂರೇ ಅಂದಾಗ ನೀಲಕಂಠಸ್ವಾಮಿ ಅವಳ ಕಡೆ ವಾಲಿದರು.

"ನಿಂದು ಬಿಚ್ಚಿ ಕೊಡು."

"ಏನು?"

"ಲಿಂಗ ಕಣೆ. ಇವತ್ತೊಂದಿನ. ಪೂಜೆ ಮುಗೀಲಿ, ವಾಪಸ್ ಕೊಡ್ತೀನಿ."

ಅವಳಿಗೆ ಮೊದಲು ನಗು ಬಂತು. ಆಮೇಲೆ ಅವರ ಮುಖ ನೋಡಿದಳು, ನಗು ಹೋಯಿತು. "ಅದು ನಂದು."

"ನಿಂದು ನಂದು ಅನ್ನಾಕೆ ಇದೇನು ಬಳೇನಾ? ಗಂಡ ಹೆಂಡ್ತಿ ಅಂದ್ಮೇಲೆ."

"ನಮ್ಮಪ್ಪನ ತೊಡೆ ಮೇಲೆ ಕುಂಡ್ರಿಸಿ ಗುರುಗಳು ನನ್ನ ಕೊರಳಿಗೆ ಕಟ್ಟಿದ್ದು. ಹೆರಿಗೇಲೂ ತೆಗ್ದಿಲ್ಲ ನಾನು." ಅವಳು ದನಿ ತಗ್ಗಿಸಿದಳು. "ಪೆಟ್ಟಿಗೆ ಬರ್ಲಿಲ್ಲ ಅಂತ ನಿಜ ಹೇಳ್ಬುಡಿ. ಸ್ವಾಮಿಗಳೇ ಹೊಸ್ದು ಕೊಡ್ತಾರೆ. ಯಾರೇನಂದಾರು?"

"ಯಾರೇನಂದಾರಾ? ಮರಿಮಲ್ಲಪ್ಪ ಮುಂದ್ಗಡೆ ಸಾಲಲ್ಲೇ ಕುಂತಿರ್ತಾನೆ. ಅವನ ಮಗನ್ನ ನಾನೇನಂದಿದ್ದೆ ಗೊತ್ತಲ್ಲ? ನಾನೇ ಲಿಂಗಾನ ಪೆಟ್ಟಿಗೇಲಿ ಕಳಿಸ್ದೆ ಅಂದ್ರೆ ಅವ್ನು ಬುಟ್ಟಾನಾ? ಚಾಮರಾಜನಗರದಿಂದ ಗುಂಡ್ಲುಪೇಟೆಗಂಟ ಡಂಗುರ ಹೊಡಸ್ತಾನೆ."

"ನಾನೇನು ಮಾಡ್ಲಿ ಪೂಜೆ ಹೊತ್ಗೆ?"

"ನೀನು ಹೆಂಗಸ್ರ ಸಾಲು. ಸೆರಗೊಳ್ಗೆ ಇದ್ರೇನು, ಇಲ್ದಿದ್ರೇನು, ಯಾರು ನೋಡ್ತಾರೆ? ಮುಟ್ಟಾಗಿದೀನಿ ಅಂದ್ಬುಟ್ಟು ಹಿಂದ್ಗಡೆ ಕುಂತ್ಕೋ."

"ಲಿಂಗ ಕಟ್ಟಿದೋರಿಗೆ ಮುಟ್ಟಿನ ಮೈಲಿಗೆ ಇಲ್ಲ ಅಂತ ನೀವೇ ಭಾಷಣ ಮಾಡ್ತೀರಿ."

"ಭಾಷಣ ಬ್ಯಾರೆ ಕಣಮ್ಮಿ. ಇಳಿಯೋದ್ರೊಳ್ಗೆ ಬಾತ್‌ರೂಮಿಗೆ ಓಗಿ ಬಿಚ್ಕಂಡ್ ಬಾ. ಇಲ್ಲಿ ಬ್ಯಾಡ, ಸಾಬ್ರು ನೋಡ್ತಾರೆ."

ಅವರು ತಿರುಗಿ ಕಣ್ಣು ಮುಚ್ಚಿದರು. ಮಾತು ಮುಗಿದಿತ್ತು, ಅವರ ಕಡೆಯಿಂದ. ಶಾಂತಮಲ್ಲಮ್ಮನ ಮುಟ್ಟು ನಿಂತು ವರ್ಷಗಳಾಗಿದ್ದವು. ಒಂದೇ ಮಂಚದ ಮೇಲೆ ಮಲಗುವ ಮನುಷ್ಯನಿಗೆ ಅದು ಗೊತ್ತಿರಲಿಲ್ಲ. ಬೆವರಿ ಎದ್ದು ಕೂತ ರಾತ್ರಿಗಳಲ್ಲಿ ಫ್ಯಾನು ಜೋರು ಮಾಡಬೇಡ, ಚಳಿ ಅಂದಿದ್ದರು, ಅಷ್ಟೇ. ಲಿಂಗ ಕೇಳಿದ್ದಕ್ಕಿಂತ ಹೆಚ್ಚಾಗಿ ಅವಳನ್ನು ಇರಿದದ್ದು ಇದು. ತನ್ನ ಮೈಯ ಮೇಲೆ ಏನಿದೆ, ಏನಿಲ್ಲ ಎನ್ನುವುದನ್ನು ಈ ಮನುಷ್ಯ ಎಂದಾದರೂ ನೋಡಿದ್ದಾರೆಯೇ? ನೋಡಿದ್ದರೆ ಇದ್ದರೇನು, ಇಲ್ಲದಿದ್ದರೇನು ಅಂತ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿತ್ತೇ?

ಕೊಡದೆ ಕೂತರೆ ಕಾರಿನಲ್ಲಿ ಕೇಳುತ್ತಾರೆ. ಅಲ್ಲೂ ಕೊಡದಿದ್ದರೆ ಕಿತ್ತುಕೊಳ್ಳುತ್ತಾರೆ. ಅವಳು ಕೈಚೀಲ ಎತ್ತಿಕೊಂಡು ಎದ್ದಳು.

"ಸಾಲು ಉದ್ದ ಐತೆ ಶಾಂತಕ್ಕ," ಅಂದಳು ಚಾಂದ್ ಬಿ. "ಆ ಹಳದಿ ಕೋಟಿನೋನು ಒಳಗೋಗಿ ಸಂಸಾರ ಹೂಡ್ಬುಟ್ಟವ್ನೆ."

ಹಳದಿ ಕೋಟಿನವನು ಕೊನೆಗೂ ಹೊರಬಂದ. ಶಾಂತಮಲ್ಲಮ್ಮ ಒಳಹೋಗಿ ಚಿಲಕ ಹಾಕಿದಳು. ಅತ್ತಿತ್ತ ತಿರುಗಲು ಜಾಗವಿಲ್ಲದ ಆ ಗೂಡಿನಲ್ಲಿ, ನೀಲಿ ಬೆಳಕಿನಡಿ, ಕನ್ನಡಿಯಲ್ಲಿ ಕಂಡ ಹೆಂಗಸು ದಣಿದಿದ್ದಳು, ಆದರೆ ಹೆದರಿದಂತೆ ಕಾಣಲಿಲ್ಲ. ಅವಳು ಶಿವದಾರವನ್ನು ಕೊರಳಿನಿಂದ ತೆಗೆದಳು. ಕರಡಿಗೆಯ ಮುಚ್ಚಳ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಅದು ಅವಳ ಮೈಯಷ್ಟೇ ಬೆಚ್ಚಗಿತ್ತು. ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಹೊರಗೆ ಯಾರೋ ಬಾಗಿಲು ತಟ್ಟಿದರು.

ಒಗೆದು ಮಡಿಸಿಟ್ಟಿದ್ದ ಬಿಳಿ ಕರ್ಚೀಫು ಚೀಲದಲ್ಲಿತ್ತು. ಲಿಂಗವನ್ನು ಅದರಲ್ಲಿ ಸುತ್ತಿ ಗಂಟು ಹಾಕಿದಳು. ತಾಳಿಯ ಸರದಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಆ ಗಂಟನ್ನು ರವಿಕೆಯ ಒಳಗೆ, ಎಡಗಡೆಗೆ, ಭದ್ರವಾಗಿ ಚುಚ್ಚಿದಳು. ಅಜ್ಜಿಯ ಕಾಲದವರು ಬೆಳ್ಳಿ ಕಂಡಿದ್ದರೇ? ಬಟ್ಟೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು.

ಉಳಿದದ್ದು ಬೆಳ್ಳಿಯ ಬರೀ ಡಬ್ಬಿ. ಕೈಯಲ್ಲಿ ತೂಗಿ ನೋಡಿದಳು, ಹಗುರ. ಅಲ್ಲಾಡಿಸಿದರೆ ಏನೂ ಸದ್ದಿಲ್ಲ. ಊಟವಾದ ಮೇಲೆ ಬಾಯಿಗಿರಲೆಂದು ಎಲೆಯಡಿಕೆಯ ಸಂಚಿಯಲ್ಲಿ ಒಂದೆರಡು ಗೋಟಡಿಕೆ ಹಾಕಿಕೊಂಡಿದ್ದಳು. ಅವುಗಳಲ್ಲಿ ದುಂಡಗಿದ್ದುದನ್ನು ಆರಿಸಿ ಕರಡಿಗೆಯೊಳಗಿಟ್ಟು ಮುಚ್ಚಳ ತಿರುವಿದಳು. ಬಿಗಿಯಾಗಿ ಕೂತಿತು.

ಸೀಟಿಗೆ ಬಂದು ಗಂಡನ ಅಂಗೈಯಲ್ಲಿ ಅದನ್ನಿಟ್ಟಾಗ ಅವರು ಸುತ್ತ ನೋಡಿ, ಚಟ್ಟನೆ ಮುಷ್ಟಿ ಮುಚ್ಚಿದರು. ಜಿಂಕೆಯ ಸ್ವೆಟರಿನೊಳಗೆ ದಾರ ಇಳಿಬಿಟ್ಟು, ಕಾಲರಿನ ಸಂದಿಯಲ್ಲಿ ಅದು ಒಂದಿಷ್ಟು ಕಾಣುವಂತೆ ಬೆರಳಿನಿಂದ ಎಳೆದು ಸರಿಪಡಿಸಿಕೊಂಡರು. ಮುಖಕ್ಕೆ ಕಳೆ ಬಂತು. ಎದೆ ತಾನಾಗಿ ಮುಂದೆ ಬಂತು.

"ಸಣ್ಣದಾಯ್ತು," ಅಂದರು. "ಓಗ್ಲಿ ಬುಡು, ಒಂದಿನದ ಮಾತು. ನೋಡು, ಇದಕ್ಯಾಕೆ ಅಷ್ಟು ರಾಗ ಎಳೀತಿದ್ದೆ?"

"ಇಲ್ಲ, ಈಗೇನಿಲ್ಲ," ಅಂದಳು.

"ಶಾಂತಕ್ಕ ಮೊಕ ತೊಳ್ಕಂಡ್ ಬಂದ್ಲು ನೋಡ್ರಿ, ಹತ್ ವರ್ಷ ಕಮ್ಮಿ ಆಗ್ಬುಟ್ಟವ್ಳೆ," ಅಂದಳು ಚಾಂದ್ ಬಿ ಗಂಡನಿಗೆ. ಅಮೀರ್ ಜಾನ್ ನಿದ್ದೆಯಲ್ಲೇ ಹೂಂಗುಟ್ಟಿದ.

ಬೆಲ್ಟು ಕಟ್ಟಿಕೊಳ್ಳಿ ಎಂಬ ದೀಪ ಹತ್ತಿತು. ವಿಮಾನ ಮೂಗು ತಗ್ಗಿಸಿತು, ಕಿವಿ ಗುಂಯ್ ಅಂದಿತು. ಶಾಂತಮಲ್ಲಮ್ಮ ಮುಂದಿನದನ್ನೆಲ್ಲ ಯೋಚಿಸಿದಳು. ಬೆಂಗಳೂರಿನಿಂದ ಕಾರು. ಮೈಸೂರಿನಲ್ಲಿ ಯಾರದೋ ಮನೆಯಲ್ಲಿ ಇವರ ಸ್ನಾನ, ಪಂಚೆ, ಶಲ್ಯ. ನಂಜನಗೂಡು, ಆಮೇಲೆ ಬದನಗುಪ್ಪೆ, ಆಮೇಲೆ ಮಠದ ಹೆಬ್ಬಾಗಿಲು. ಸ್ವಾಮಿಗಳು ಮಂತ್ರ ಶುರುಮಾಡುತ್ತಾರೆ, ಎಲ್ಲರೂ ಕರಡಿಗೆ ಬಿಚ್ಚುತ್ತಾರೆ, ಹೊಸ ಅಧ್ಯಕ್ಷರೂ ಬಿಚ್ಚುತ್ತಾರೆ, ಪಕ್ಕದಲ್ಲಿ ಮರಿಮಲ್ಲಪ್ಪ. ನಿಜ ಹೇಳಿಬಿಡಿ ಎಂದು ಆಗಲೇ ಒಮ್ಮೆ ಹೇಳಿಯಾಗಿತ್ತು. ಬೇಕಾದರೆ ಇನ್ನೊಮ್ಮೆ ಹೇಳಬಹುದು, ಬದನಗುಪ್ಪೆ ದಾಟುವವರೆಗೂ ಹೇಳಲು ಹೊತ್ತಿತ್ತು.

ರವಿಕೆಯೊಳಗಿನ ಗಂಟು ಅವಳ ಉಸಿರಿಗೆ ಮೆಲ್ಲನೆ ಏರಿ ಇಳಿಯುತ್ತಿತ್ತು. ಹೇಳಬಾರದೆಂದು ತೀರ್ಮಾನಿಸಿ, ಅವಳು ಬೆಲ್ಟು ಬಿಗಿದುಕೊಂಡಳು.